ಎತ್ತಿದ ಬೆರಳು

ಸುಯ್ ಎಂದು ಒಳಗೆ, ಸುಯ್ ಎಂದು ಹೊರಗೆ, ಎಳನೀರು ಕುಡಿಯುವ ಎರಡು ಕೊಳವೆಗಳಲ್ಲಿ ಒಬ್ಬ ದೊಡ್ಡ ಮನುಷ್ಯನ ಇಡೀ ಜೀವ ಹೋಗಿ ಬರುತ್ತಿದೆ, ಒಂದು ಕೆಂಪು, ಇನ್ನೊಂದು ಹಸಿರು, ಮೂಲೆಯಂಗಡಿಯಲ್ಲಿ ಬೇರೆ ಬಣ್ಣ ಇರಲಿಲ್ಲ, ಮೂಗಿನ ಹೊಳ್ಳೆಗಳಿಂದ ಎದ್ದು ನಿಂತ ಅವುಗಳನ್ನು ಎಲೋದಿಯಾ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದುಕೊಂಡಿದ್ದಾಳೆ, ಅಲುಗದಂತೆ ಹಿಡಿಯಬೇಕು, ಹಿಸುಕಬಾರದು, ಮುಖದ ಅಚ್ಚು ತೆಗೆದು ರಟ್ಟಿನ ಬೊಂಬೆ ಮಾಡುವ ಕಸುಬಿನ ಮೊದಲ ಪಾಠ ಇದು, ಅಪ್ಪ ಹೇಳಿಕೊಟ್ಟದ್ದು, ಆದರೆ ಹಿಡಿಯುವುದಕ್ಕೂ ಹಿಸುಕುವುದಕ್ಕೂ ಎಷ್ಟು ಅಂತರ ಅಪ್ಪಾ, ಒಂದು ಹಾಳೆ ಕಾಗದದಷ್ಟೂ ಇಲ್ಲ — ಉಳಿದ ಮುಖವೆಲ್ಲ ಬಿಳಿ ಪ್ಲಾಸ್ಟರ್, ಹಣೆ, ಕೆನ್ನೆ, ಗದ್ದ, ಮುರಿದ ಕೈಗೆ ಆಸ್ಪತ್ರೆಯಲ್ಲಿ ಸುತ್ತುತ್ತಾರಲ್ಲ ಅದೇ ಪಟ್ಟಿ, ನೆನೆಸಿ ನೆನೆಸಿ ಒಂದರ ಮೇಲೊಂದು ಅಂಟಿಸಿದ್ದಾಳೆ, ತುಟಿಯ ಮೇಲೆ ಬೇಕೆಂದೇ ಒಂದು ಪಟ್ಟಿ ಹೆಚ್ಚು, ಇವನು ಮಾತಾಡಿದ್ದು ಸಾಕು ಅಂತ. ಊರಿನ ಕಂಬಕಂಬಕ್ಕೂ ಕ್ಯಾಮೆರಾದ ಕಣ್ಣು ನೆಟ್ಟ ಇಂಜಿನಿಯರ್ ಅರಿಸ್ಮೆಂದಿ ಅಪ್ಪನ ಹಳೆಯ ಬೆಂಚಿನ ಮೇಲೆ ಅಂಗಾತ ಮಲಗಿದ್ದಾನೆ, ಅವನ ಸ್ವಂತ ಕಣ್ಣುಗಳು ವ್ಯಾಸಲೀನಿನ ಕೆಳಗೆ ಮುಚ್ಚಿವೆ, ಕೈಗಳನ್ನು ಹೊಟ್ಟೆಯ ಮೇಲೆ ಜೋಡಿಸಿಕೊಂಡಿದ್ದಾನೆ, ನೋಡಿದವರು ಹೂವು ತಂದಿಡಬೇಕು ಹಾಗೆ, ಪ್ಲಾಸ್ಟರ್ ಬಿಸಿಯಾಗತೊಡಗಿದೆ, ಗಟ್ಟಿಯಾಗುವ ಮುಂಚೆ ಅದು ಹೀಗೆಯೇ ಬಿಸಿಯಾಗುತ್ತದೆ, ದೋನ್ಯಾ ಎಲೋದಿಯಾ, ನನ್ನ ಚರ್ಮ ಸುಡಲ್ಲ ತಾನೆ, ಶನಿವಾರ ಟಿವಿಯವ್ರು ಬರ್ತಾರೆ ಅಂತ ಮಲಗುವ ಮೊದಲು ದೋನ್ಯಾ ಎಂದು ಮರ್ಯಾದೆ ಕೊಟ್ಟು ಕೇಳಿದ್ದ, ಏನೂ ಆಗಲ್ಲ ಸಾಹೇಬ್ರೆ, ನಗ್ಬೇಡಿ, ಕೆಮ್ಬೇಡಿ, ಉಸಿರು ಕಟ್ಟಿದ್ರೆ ಒಂದು ಬೆರಳೆತ್ತಿ, ತಕ್ಷಣ ತೆಗೀತೀನಿ ಅಂದಿದ್ದಳು, ತಕ್ಷಣ ಅಂತ ತನ್ನ ಬಾಯಿಂದಲೇ ಅಂದಿದ್ದಳು.

ಇವಳ ಗುರುತು ಹತ್ತಲಿಲ್ಲ ಅವನಿಗೆ, ಅದನ್ನು ನೆನೆದರೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ, ಸಾಂತಾ ಬ್ರಿಹಿದಾ ಊರಿನ ಪ್ರತಿ ಮೂತಿಯನ್ನೂ ಬಾಯಿಪಾಠ ಮಾಡಿಟ್ಟ ಗೂಬೆಯ ಯಜಮಾನ — ಗೂಬೆ ಅಂತಲೇ ಹೆಸರಿಟ್ಟಿದ್ದಾರೆ ತಮ್ಮ ಯಂತ್ರಕ್ಕೆ, ಕಂಬದ ಮೇಲೆ ಕ್ಯಾಮೆರಾ, ಅದರ ಕೆಳಗೆ ದುಂಡು ಕಣ್ಣಿನ ಗೂಬೆಯ ಚಿತ್ರ, ನೀವು ಮಲಗಿ ನಾವು ಎಚ್ಚರವಿದ್ದೇವೆ ಎಂಬ ಬರಹ, ಗೂಬೆ ಕೂಗಿದ ಮನೇಲಿ ಹೆಣ ಬೀಳತ್ತೆ ಕಣೆ ಅಂತಿದ್ದಳು ಅಜ್ಜಿ, ಓದಿದವರಿಗೆ ಅಜ್ಜಿಯರೇ ಇರುವುದಿಲ್ಲವೋ ಏನೋ — ಆ ಯಜಮಾನ ಇವತ್ತು ಬಾಗಿಲಲ್ಲಿ ನಿಂತು ಕೈ ಕುಲುಕಿ, ಮೊದಲ ಸಲ ಭೇಟಿ ಆಗ್ತಿದೀವಿ, ನಿಮ್ಮ ಕೈಕೆಲಸದ ಬಗ್ಗೆ ತುಂಬಾ ಕೇಳಿದೀನಿ ಅಂದ. ಮೊದಲ ಸಲವಂತೆ! ತಮ್ಮನ ಕೇಸಿನ ದಿನ ನ್ಯಾಯಾಲಯದಲ್ಲಿ ಎದ್ದು ನಿಂತು, ಸುಳ್ಳು, ಅದು ರಟ್ಟು, ರಟ್ಟಿನ ಬೊಂಬೆ ಕಣಯ್ಯಾ ಅಂತ ಇವಳು ಗಂಟಲು ಹರಿದುಕೊಂಡಾಗ ಕತ್ತು ತಿರುಗಿಸಿ ನೋಡಿದ್ದನಲ್ಲ, ಊಟದ ತಟ್ಟೆಗೆ ಬಂದ ನೊಣವನ್ನು ನೋಡುವ ಹಾಗೆ, ನ್ಯಾಯಾಧೀಶರು ಆ ಹೆಂಗಸನ್ನ ಆಚೆ ಕಳ್ಸಿ ಅಂದರು, ಇವನು ಟೈ ಸರಿ ಮಾಡಿಕೊಂಡು ತನ್ನ ಪಾಠ ಮುಂದುವರಿಸಿದ, ನಮ್ಮ ಯಂತ್ರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ ಹೇಳತ್ತೆ ಸ್ವಾಮಿ, ರಟ್ಟಿಗೂ ಮನುಷ್ಯನಿಗೂ ವ್ಯತ್ಯಾಸ ಅದಕ್ಕೆ ಚೆನ್ನಾಗಿ ಗೊತ್ತು. ಉಳಿದ ಒಂದು ಸಲ ಯಾರ ಮನೆ ಬಾಗಿಲಿಗೆ ಬರುತ್ತೆ ಅಂತ ಕೋಟು ಹಾಕಿದ ಒಬ್ಬರೂ ಕೇಳಲಿಲ್ಲ, ಅವರ ಯಾರ ಮನೆಗೂ ಬಂದಿರಲಿಲ್ಲವಲ್ಲ. ಎದುರುಮನೆ ಚಾಬೆಲಾಳ ಗ್ಯಾಸ್ ಸಿಲಿಂಡರನ್ನು ಅದೇ ಗೂಬೆಯ ಕಣ್ಣ ಕೆಳಗೇ ಹಾಡುಹಗಲು ಹೊತ್ತುಕೊಂಡು ಹೋದರು, ಕೇಳಲು ಹೋದರೆ ಆ ದಿನದ್ದು ಸಿಗ್ತಿಲ್ಲಮ್ಮ, ಏನೋ ತಾಂತ್ರಿಕ ತೊಂದ್ರೆ ಅಂದರು, ಬೇಕಾದಾಗ ಕುರುಡು, ಬೇಕಾದಾಗ ಹದ್ದು, ಇಂಥ ಕಣ್ಣಿಗೆ ಊರಿನ ತೆರಿಗೆ.

ಸುಯ್, ಸುಯ್, ಎಷ್ಟು ನೆಮ್ಮದಿಯಾಗಿ ಉಸಿರಾಡುತ್ತಾನೆ ನೋಡು, ತಮ್ಮ ಚೆಂಚೊ ಹೀಗೆ ಮಲಗಿದ್ದಾಗ ಸುಮ್ಮನಿರುತ್ತಿರಲಿಲ್ಲ, ಕೊಳವೆಯಲ್ಲೇ ಹಾಡಿನ ಧಾಟಿ ಊದುತ್ತಿದ್ದ, ಊದಬೇಡವೋ ಮೂತಿ ಕೆಡುತ್ತೆ ಅಂತ ಅಪ್ಪ ಅವನ ಕಾಲಿಗೆ ಹೊಡೆದಿದ್ದರು — ನನ್ನ ಮೂತೀನೇ ಹಾಕಕ್ಕಾ, ಯೂದನ ಬೊಂಬೆಗೆ ಇದಕ್ಕಿಂತ ಕೆಟ್ಟ ಮೂತಿ ಎಲ್ಲಿ ಹುಡುಕ್ತೀಯ, ಅಂದವನು ಅವನೇ, ಅಂದಿನಿಂದ ಈ ಮನೆಯಿಂದ ಹೊರಟ ಪ್ರತಿ ಯೂದನ ಒಳಮೂಳೆ ತಮ್ಮನದು, ಮೇಲೆ ಮೀಸೆ ಬಂದರೆ ನಗರಾಧ್ಯಕ್ಷ, ಕನ್ನಡಕ ಬಂದರೆ ನೀರಿನ ಇಲಾಖೆಯವನು, ಬೀದಿಗೆ ಆ ವರ್ಷ ಯಾರ ಮೇಲೆ ಹೊಟ್ಟೆಯುರಿಯೋ ಅವನು, ಮೂವತ್ತು ಬೆಳ್ಳಿಗೆ ಗುರುವನ್ನು ಮಾರಿದವನ ಹೆಸರಲ್ಲಿ ಈಸ್ಟರ್ ಮುನ್ನಾದಿನ, ಪವಿತ್ರ ಶನಿವಾರದ ಮಧ್ಯಾಹ್ನ ನೇತುಹಾಕಿ, ಹೊಟ್ಟೆಗೆ ಪಟಾಕಿ ಕಟ್ಟಿ, ಢಂ. ಹಗ್ಗದ ಒಂದು ತುದಿ ಚಾಬೆಲಾಳ ಮಹಡಿ ಕಂಬಿಗೆ, ಇನ್ನೊಂದು ತುದಿ ಎದುರಿನ ದೀಪದ ಕಂಬಕ್ಕೆ, ತಾತನ ಕಾಲದಿಂದ ಅದು ಅಲ್ಲಿಗೇ, ಹೋದ ವರ್ಷ ದೀಪದ ಕಂಬ ಕಿತ್ತು ಆ ಜಾಗದಲ್ಲಿ ಗೂಬೆಯ ಕಂಬ ನೆಟ್ಟಿದ್ದರು, ಹಗ್ಗಕ್ಕೆ ಕಂಬ ಬೇಕು, ಕಂಬ ಇದೆ, ಕಟ್ಟಿದರು, ಈ ಬೀದಿಯಲ್ಲಿ ಹುಟ್ಟಿದ ಯಾರಾದರೂ ಅಲ್ಲಿಗೇ ಕಟ್ಟುತ್ತಿದ್ದರು, ಇನ್ನೇನು ಚರ್ಚಿನ ಗಂಟೆಗೆ ಕಟ್ಟಬೇಕಿತ್ತೇ? ಆ ವರ್ಷ ಕೆಲಸ ಒತ್ತಿಬಂದು ಮೀಸೆ ಕನ್ನಡಕ ಏನೂ ಇಲ್ಲ, ಎರಡು ಕೊಂಬು, ಕೆನ್ನೆಗೆ ಒಂದಿಷ್ಟು ಕೆಂಪು ಅಷ್ಟೆ, ಗಾಳಿಗೆ ಬೊಂಬೆ ತಿರುಗಿತು, ತಿರುಗಿ ತಿರುಗಿ ಗೂಬೆಗೆ ಎದುರಾಗಿ ನಿಂತಿತು, ಬತ್ತಿ ಹಚ್ಚಿದರು, ಬೊಂಬೆಯೂ ಸುಟ್ಟಿತು ಕ್ಯಾಮೆರಾವೂ ಸುಟ್ಟಿತು, ಬೀದಿಯೆಲ್ಲ ಶಿಳ್ಳೆ ಹೊಡೆಯಿತು, ಸಾಯುವ ಮುಂಚೆ ಗೂಬೆ ಕಂಡ ಕೊನೆಯ ಮುಖ ತಮ್ಮನದು, ಸುತ್ತ ಬೆಂಕಿ. ತಮ್ಮ ಆ ಹೊತ್ತಿಗೆ ಜ್ವರದಲ್ಲಿ ಹಣೆಗೆ ಒದ್ದೆ ಬಟ್ಟೆ ಹಾಕಿಕೊಂಡು ಇದೇ ಬೆಂಚಿನ ಮೇಲೆ ಬಿದ್ದಿದ್ದ, ಪಟಾಕಿಯ ಸದ್ದಿಗೆ ಕಣ್ಣು ಬಿಟ್ಟು, ಸತ್ನಾ ನಾನು ಅಂತ ಕೇಳಿದ್ದ.

ಗೂಬೆ ತಮ್ಮನ ಹೆಸರು ಹಚ್ಚಿ ಕಳಿಸಿದ್ದ ಆ ಚಿತ್ರವನ್ನು ಸರ್ಕಾರಿ ವಕೀಲ ತೋರಿಸಿದಾಗ ಎಲೋದಿಯಾ ಕೈಮುಗಿದು ಕೇಳಿದ್ದಳು, ಕೋಪವಿನ್ನೂ ಬಂದಿರಲಿಲ್ಲ, ಏನೋ ತಪ್ಪಾಗಿದೆ ತಿದ್ದುತ್ತಾರೆ ಅಂತ ನಂಬಿದ್ದ ದಿನಗಳು ಅವು, ಸ್ವಾಮಿ ಈ ಮುಖ ನೆಲದಿಂದ ಎರಡಾಳೆತ್ತರದಲ್ಲಿದೆ, ನನ್ನ ತಮ್ಮನೇನು ಹಾರ್ತಿದ್ನಾ? ಏಣಿ ಇಟ್ಟಿರ್ತಾನೆ. ತಲೆ ಮೇಲೆ ಕೊಂಬಿದೆಯಲ್ಲ ಸ್ವಾಮಿ? ಟೋಪಿ ಹಾಕಿರ್ತಾನೆ. ಕೆನ್ನೆ ಇಷ್ಟು ಕೆಂಪಗಿದೆಯಲ್ಲ? ಕುಡಿದಿರ್ತಾನೆ ಬಿಡಮ್ಮ. ಬೀದಿಗೆ ಬೀದಿಯೇ ಸಾಕ್ಷಿ ಹೇಳಲು ಬಂದು ನಿಂತರೆ, ಬೀದಿಯೋರೆಲ್ಲ ಒಂದೇ ಅಂದರು, ಬೊಂಬೆ ತೋರಿಸೋಣವೆಂದರೆ ಅದು ಬೂದಿ, ಸುಡುವುದಕ್ಕೇ ಮಾಡಿದ್ದಲ್ಲವೇ, ಉಳಿದದ್ದು ತಮ್ಮನ ಮುಖದ ಅಚ್ಚೊಂದೇ, ಅದನ್ನು ಮಗುವಿನ ಹಾಗೆ ಬಟ್ಟೆಯಲ್ಲಿ ಸುತ್ತಿ ಸರ್ಕಾರಿ ವಕೀಲನ ಕಚೇರಿಗೆ ಒಯ್ದು ಕೊಟ್ಟಳು, ವಾರ ಬಿಟ್ಟು ಹೋದರೆ ಕಚೇರಿಯವನು ಹಲ್ಲು ಕಡ್ಡಿ ಆಡಿಸುತ್ತ, ಕೈಜಾರಿ ಒಡೆದೋಯ್ತಮ್ಮ ಅಂದ. ಕೈಜಾರಿ. ಗೂಬೆ ಸುಟ್ಟದ್ದಕ್ಕೆ ತಮ್ಮನ ತಲೆಯ ಮೇಲೆ ಗೂಬೆ ಕೂರಿಸಿದರು, ಸರ್ಕಾರದ ಆಸ್ತಿಯ ಮೇಲೆ ಕೈಮಾಡಿದವನು ಅಂತ ದೊಡ್ಡ ಹೆಸರಿನ ಕಾಯಿದೆ ಹಾಕಿದರು, ತೀರ್ಪು ಇವತ್ತು ನಾಳೆ ಅಂತ ವರ್ಷವಾಯಿತು, ಕಂಪನಿಗೆ ಮಾತ್ರ ಸುಟ್ಟ ಒಂದು ಕಂಬದ ಬದಲು ಹತ್ತು ಹೊಸ ಕಂಬಗಳ ಗುತ್ತಿಗೆ ಸಿಕ್ಕಿತು.

ಪ್ಲಾಸ್ಟರ್ ಇನ್ನೂ ಹಸಿ, ಗದ್ದದ ಬಳಿ ಬೆರಳೊತ್ತಿದರೆ ಗುಳಿ ಬೀಳುತ್ತಿದೆ, ಆವತ್ತು ಬೆಳಿಗ್ಗೆಯೂ ಇವಳ ಕೈ ಹಸಿಯಾಗಿತ್ತು, ಮೈದಾ ಅಂಟು ಮೊಣಕೈವರೆಗೆ, ಬೊಂಬೆ ಸುಟ್ಟ ಮಾರನೆಯ ದಿನ, ಚೆಂಚೊ ಜೋಳದ ಗಂಜಿಯ ಲೋಟ ಹಿಡಿದು ಹೊಸಿಲ ಮೇಲೆ ಕೂತಿದ್ದ, ಪೊಲೀಸ್ ಗಾಡಿ ಬಂತು, ಹೆಸರು ಕೂಡ ಕೇಳಲಿಲ್ಲ, ಫೋನಿನಲ್ಲಿದ್ದ ಚಿತ್ರ ನೋಡಿದರು, ಮುಖ ನೋಡಿದರು, ಗಂಜಿ ಚೆಲ್ಲಿತು, ಅವನನ್ನು ಗಾಡಿಯ ಮೂತಿಯ ಮೇಲೆ ಕವುಚಿ ಅದುಮಿದರು, ಬಾಯಿ ತಗಡಿಗೆ ಅಂಟಿಹೋಗಿ ಮಾತು ಹೊರಡಲಿಲ್ಲ, ಕೈಗಳು ಬೆನ್ನ ಹಿಂದೆ ಬೇಡಿಯಲ್ಲಿ, ಆ ಬೇಡಿಯೊಳಗಿಂದ ಮೆಲ್ಲಗೆ ಒಂದು ಬೆರಳು ಎದ್ದಿತು. ಪೊಲೀಸಿನವನು ಅದನ್ನು ಬೈಗುಳ ಅಂದುಕೊಂಡು ಪಕ್ಕೆಗೆ ಹೊಡೆದ. ಅದು ಬೈಗುಳವಲ್ಲ ಅಂತ ಈ ಲೋಕದಲ್ಲಿ ಗೊತ್ತಿದ್ದವಳು ಒಬ್ಬಳೇ, ಅದು ಈ ಮನೆಯ ಮಾತು, ಪ್ಲಾಸ್ಟರಿನ ಕೆಳಗೆ ಬಾಯಿಲ್ಲದವನ ಮಾತು, ಉಸಿರು ಕಟ್ಟುತ್ತಿದೆ ತೆಗೆ ಅಂತ, ಬೆರಳೆದ್ದ ಮೇಲೆ ಕೈ ಯಾಕೆ ಅಂತ ಕೇಳಬಾರದು ಎನ್ನುತ್ತಿದ್ದರು ಅಪ್ಪ, ಅಚ್ಚು ಕೆಟ್ಟರೆ ಕೆಡಲಿ, ಮಲಗಿರೋನು ಬಿಷಪ್ಪೋ ಭಿಕ್ಷುಕನೋ ನಿನಗದು ಬೇಡ, ತೆಗಿ, ಮೂಗು ತುರಿಸಿತೆಂದು ಬಿಷಪ್ಪರು ಬೆರಳೆತ್ತಿದಾಗ ಅರೆಗಟ್ಟಿದ ಅಚ್ಚನ್ನು ಎರಡು ಸಲ ಕಿತ್ತೆಸೆದವರು ಅಪ್ಪ, ಅವರ ಮಗನ ಬೆರಳು ನಡುಬೀದಿಯಲ್ಲಿ ಎದ್ದು ನಿಂತಾಗ ಅಕ್ಕನ ಕೈಯಲ್ಲಿ ಅಂಟು ತೊಟ್ಟಿಕ್ಕುತ್ತಿತ್ತು, ಗಾಡಿ ಹೊರಟಿತು, ಬೆರಳು ಕಿಟಕಿಯಲ್ಲಿ ಕಾಣಲಿಲ್ಲ. ಆಮೇಲಿನ ಭಾನುವಾರಗಳಲ್ಲಿ ಜೈಲಿನ ಜಾಲರಿಯ ಆಚೆ ಕೂತು, ಈಗ ಅಚ್ಚು ತೆಗೆದ್ರೆ ಯೂದ ಆಗಲ್ಲ ಅಕ್ಕಾ, ಪ್ರೇತ ಆಗತ್ತೆ ಅನ್ನುತ್ತಿದ್ದ, ಕೆನ್ನೆ ಒಳಗೆ ಹೋಗಿದೆ, ಹೋದ ತಿಂಗಳಿಂದ ಅಷ್ಟೂ ತಮಾಷೆ ಮಾಡುತ್ತಿಲ್ಲ, ಇವಳು ಒಯ್ದ ಹಬ್ಬದ ಸಿಹಿರೊಟ್ಟಿಯನ್ನು ಸುಮ್ಮನೆ ಮೂಸಿ ಪಕ್ಕಕ್ಕಿಡುತ್ತಾನೆ.

ಒಂದೇ ಒಂದು ಸಲ ಎಲೋದಿಯಾ, ಅಂದಿದ್ದಾಳೆ ತಮ್ಮನ ಕೇಸು ಹಿಡಿದ ವಕೀಲಮ್ಮ, ಆ ಯಂತ್ರ ರಟ್ಟು ನೋಡಿ ಮನುಷ್ಯನ ಹೆಸರು ಹೇಳೋದನ್ನ ನಾಲ್ಕು ಜನರ ಮುಂದೆ ನಂಗೆ ತೋರ್ಸು, ನಿನ್ ತಮ್ಮನ್ನ ಹೊರಗೆ ತರೋ ಜವಾಬ್ದಾರಿ ನಂದು. ಎಲ್ಲಿಂದ ತೋರಿಸುವುದು, ಗೂಬೆ ಅವರದು, ಪರದೆ ಅವರದು, ಬಾಗಿಲಿಗೆ ಕಾವಲು, ಅಂತ ಕೈಚೆಲ್ಲಿ ಕೂತಿದ್ದಾಗ ಈ ಮಹಾರಾಯನೇ ಹೂವಿನಂಥ ಶರ್ಟು ಹಾಕಿಕೊಂಡು ಹೊಸಿಲಿಗೆ ಬಂದ, ಬೀಳುವ ಮರ ಗರಗಸವನ್ನು ಹುಡುಕಿಕೊಂಡು ಬಂದ ಹಾಗೆ. ಜನಕ್ಕೆ ನಮ್ಮ ಮೇಲೆ ಸ್ವಲ್ಪ ಸಿಟ್ಟಿದೆ ದೋನ್ಯಾ, ಗೊತ್ತು ನಂಗೆ, ಅದನ್ನ ತಮಾಷೆಯಾಗಿ ತಗೊಂಡ್ಬಿಡೋಣ, ಈ ಸಲ ನನ್ನನ್ನೇ ಯೂದ ಮಾಡಿ ಸುಡಿ, ಖರ್ಚೆಲ್ಲ ಕಂಪನೀದು, ಅಂದ! ನೆಲ ಕೊಂಡರು, ಕಂಬ ಕೊಂಡರು, ನಮ್ಮ ಮೂತಿಗಳನ್ನು ಕೇಳದೆಯೇ ಎತ್ತಿಕೊಂಡು ಹೋದರು, ಇನ್ನು ಉಳಿದಿದ್ದ ಸಿಟ್ಟೊಂದನ್ನೂ ಕೊಳ್ಳಲು ಬಂದಿದ್ದಾರೆ, ಬೀದಿ ತಾನಾಗಿ ಸುಡುವ ಮುಂಚೆ ತಾವೇ ದುಡ್ಡು ಕೊಟ್ಟು ಸುಡಿಸಿಕೊಂಡರೆ ಉರಿ ಹತ್ತುವುದಿಲ್ಲವಲ್ಲ, ಮೇಲಿಂದ ಚಪ್ಪಾಳೆ, ಮೇಲಿಂದ ಶಾಲೆಗಳ ಗುತ್ತಿಗೆ, ಇನ್ನು ಮೇಲೆ ಮಕ್ಕಳು ಹಾಲಿನ ಲೋಟಕ್ಕೆ ಕೈ ಚಾಚುವ ಮುಂಚೆ ಗೂಬೆಗೆ ಮುಖ ತೋರಿಸಬೇಕಂತೆ. ಆಮೇಲೆ ತಾನಾಗಿಯೇ ಅಂದ, ಇವಳು ಕೇಳಿರಲಿಲ್ಲ, ದೇವರಾಣೆಗೂ ಕೇಳಿರಲಿಲ್ಲ — ಚೌಕದಲ್ಲಿ ದೊಡ್ಡ ಪರದೆ ಹಾಕ್ತೀವಿ, ಯಾರ್ಯಾರು ಬರ್ತಾರೋ ಅವರ ಹೆಸರು ಹೇಳಿ ಗೂಬೆ ಸ್ವಾಗತ ಮಾಡತ್ತೆ, ಮಕ್ಕಳು ಕುಣಿದಾಡ್ತಾರೆ ನೋಡಿ, ನಾನು ವೇದಿಕೆ ಮೇಲಿರ್ತೀನಿ, ನನ್ನ ಬೊಂಬೆ ಗೂಬೆಗೆ ಎದುರಾಗಿ ನೇತಾಡ್ತಿರತ್ತೆ, ಚೆನ್ನಾಗಿರತ್ತಲ್ವಾ? ಚೆನ್ನಾಗಿರತ್ತೆ ಸಾಹೇಬ್ರೆ. ಬೊಂಬೆ ನನ್ನ ಹಾಗೇ ಇರ್ಬೇಕು ದೋನ್ಯಾ, ನಮ್ಮಮ್ಮ ನೋಡಿದ್ರೂ ಗುರುತು ಹಿಡೀಬೇಕು. ಹಿಡೀತಾರೆ ಸಾಹೇಬ್ರೆ, ಎಲ್ರೂ ಹಿಡೀತಾರೆ, ಹಾಗಾದ್ರೆ ಮುಖದ ಅಚ್ಚು ತೆಗೀಬೇಕಾಗತ್ತೆ, ಒಂದು ಗಳಿಗೆ ಮಲಗ್ತೀರಾ? ಮಲಗಿದ. ನ್ಯಾಯಾಲಯದಲ್ಲಿ ತಾನು ಆಡಿದ ಮಾತನ್ನು ತಾನೇ ನಂಬಿದ ಮೂರ್ಖ, ಗೂಬೆಗೆ ರಟ್ಟು ಗೊತ್ತಾಗುತ್ತದೆ ಅಂತ ನಿಜವಾಗಿಯೂ ನಂಬಿ ಮಲಗಿದ.

ಎಲ್ಲ ಸರಿಯಾಗಿದೆ, ಎಲ್ಲ ಕೈಗೆ ಬಂದಿದೆ, ಶನಿವಾರದವರೆಗೆ ಹಲ್ಲು ಕಚ್ಚಿ ಕಾದರೆ ಸಾಕು, ಹಾಗಿದ್ದರೆ ಈ ಬೆರಳುಗಳು ಏನು ಮಾಡುತ್ತಿವೆ — ಹೊರಗೆ ಕಂಪನಿಯ ಹುಡುಗಿ ಖಾರದ ಪುಡಿ ಹಾಕಿದ ಮಾವಿನಕಾಯಿ ಕಡಿಯುತ್ತ ಫೋನಿನಲ್ಲಿ ಯಾರೊಂದಿಗೋ ನಗುತ್ತಿದ್ದಾಳೆ, ಬಾಗಿಲಿಗೆ ಬೆನ್ನು, ಒಳಗೆ ಇವರಿಬ್ಬರೇ, ಈ ಮನೆಯೊಳಗೆ ಗೂಬೆಯಿಲ್ಲ, ಇಡೀ ಊರಿನಲ್ಲಿ ಯಾರೂ ನೋಡದ ಜಾಗ ಇದೊಂದೇ, ಅದೂ ಇವನಿಗಾಗಿಯೇ ಉಳಿದಿತ್ತೇನೋ. ಶನಿವಾರ ಬೆಳಿಗ್ಗೆ ಇವರು ಮೊದಲೇ ಪರೀಕ್ಷೆ ಮಾಡಿ ನೋಡಿಬಿಟ್ಟರೆ? ಗೂಬೆ ಬಾಯಿ ಮುಚ್ಚಿಕೊಂಡರೆ? ಗೂಬೆ ಹೆಸರು ಹೇಳಿಯೂ ಮತ್ತೆ ಯಾವನೋ ಕೋಟಿನವನು ಏಣಿ ಇಟ್ಟಿರ್ತಾನೆ ಟೋಪಿ ಹಾಕಿರ್ತಾನೆ ಅಂದರೆ? ಎಷ್ಟು ಸಲ ಕೈಮುಗಿಯುವುದು, ಎಷ್ಟು ಬೆಂಚುಗಳ ಮೇಲೆ ಕೂತು ಸವೆಯುವುದು, ಅಲ್ಲಿ ನ್ಯಾಯ ಬೇಡಬೇಕು, ಇಲ್ಲಿ ನ್ಯಾಯ ಕೈಯಲ್ಲೇ ಇದೆ, ಒಂದು ಕೆಂಪು ಒಂದು ಹಸಿರು, ಮಾಡಿದ್ದುಣ್ಣೋ ಮಹರಾಯ, ನನ್ನ ತಮ್ಮನಿಗೆ ಉಸಿರಿಲ್ಲದ ಹಾಗೆ ಮಾಡಿದೆಯಲ್ಲ, ರುಚಿ ನೋಡು, ಸ್ವಲ್ಪ, ಒಂದು ಗುಟುಕು — ಬೆರಳುಗಳು ಸೇರಿದವು. ಸುಯ್ ನಿಂತಿತು. ಎಷ್ಟು ಸುಲಭ, ನೊಣ ಕೂಡ ಹೀಗೆ ಸಾಯುವುದಿಲ್ಲ, ಬಿಳಿ ಮುಖ ಬಿಳಿಯಾಗಿಯೇ ಇದೆ, ಅದಕ್ಕೇನೂ ಗೊತ್ತಾಗುತ್ತಿಲ್ಲ, ಎದೆ ಮಾತ್ರ ಒಮ್ಮೆ ಮೇಲೆದ್ದಿತು, ಇನ್ನೊಮ್ಮೆ ಎದ್ದಿತು, ಶರ್ಟಿನ ಗುಂಡಿ ಬಿಗಿಯಿತು, ಹಾಯಾಗಿದೆ, ಹೌದು ಹಾಯಾಗಿದೆ, ಸುಳ್ಳೇಕೆ ಹೇಳಬೇಕು, ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎದ್ದು ಇವನ ಎದೆಯ ಮೇಲೆ ಹೋಗಿ ಕೂತಂತಾಯಿತು, ಇವನ ಹೆಂಡತಿ ಅಳಲಿ, ಇವನ ಅಮ್ಮ ಬೊಂಬೆಯನ್ನೇ ತಬ್ಬಿಕೊಳ್ಳಲಿ, ಬೀದಿಯಲ್ಲಿ ಗ್ಯಾಸಿನವನ ಗಾಡಿಯ ಗಂಟೆ ಕೇಳುತ್ತಿದೆ, ಹೋಗುತ್ತಿದೆ, ಹೋಯಿತು —

ಬೆರಳು ಎದ್ದಿತು. ಹೊಟ್ಟೆಯ ಮೇಲೆ ಜೋಡಿಸಿದ ಕೈಗಳ ನಡುವಿನಿಂದ, ಮೆಲ್ಲಗೆ, ಹೇಳಿಕೊಟ್ಟ ಹಾಗೆಯೇ, ತಿದ್ದಿದ ಉಗುರು, ನಯವಾದ ಚರ್ಮ, ಒಂದು ದಿನವೂ ಅಂಟು ತಾಗದ ಬೆರಳು, ಎದ್ದು ಬಂದು ಇವಳ ಕತ್ತು ಹಿಡಿಯಬಹುದಿತ್ತು, ಹಿಡಿಯಲಿಲ್ಲ, ಇವಳು ನೋಡುತ್ತಾಳೆ ತೆಗೆಯುತ್ತಾಳೆ ಅಂತ ನಂಬಿ ಬರೀ ಎದ್ದು ನಿಂತಿದೆ, ನಿನ್ನದನ್ನು ನಾನೇಕೆ ನೋಡಬೇಕು, ಅವನದನ್ನು ಯಾರು ನೋಡಿದರು, ಮುಚ್ಚು, ಕೆಳಗಿಳಿಸು ಅದನ್ನು, ಇಳಿಸೋ ಅಂತ ಒಳಗೊಳಗೇ ಕೂಗಿಕೊಳ್ಳುತ್ತಿರುವಾಗಲೇ ಕೈ ಬಿಟ್ಟುಬಿಟ್ಟಿದೆ. ಇವಳು ಬಿಡಲಿಲ್ಲ, ಇವಳಿನ್ನೂ ಬಿಟ್ಟಿಲ್ಲ, ಕೈ ಬಿಟ್ಟಿತು, ಅಪ್ಪನ ಕೈ ಇವಳ ಕೈಯೊಳಗಿತ್ತೋ ಏನೋ, ಸುಯ್ಯ್ ಎಂದು ಗಾಳಿ ಒಳಗೆ ನುಗ್ಗಿತು, ಥೂ ನಿನ್ನ, ಥೂ ಹಾಳು ಕೈಯೇ ಅಂತ ಬೈದುಕೊಳ್ಳುತ್ತಲೇ ಗದ್ದದ ಕೆಳಗೆ ಉಗುರು ತೂರಿಸಿದಳು, ಗಟ್ಟಿಯಾಗಿದೆ, ತಟ್ಟಿದರೆ ಟಕ್ ಎನ್ನುತ್ತದೆ, ಎರಡೂ ಕೆನ್ನೆ ಹಿಡಿದು ಎಳೆದಳು, ಪ್ಚಕ್ ಎಂದು ಮುಖ ಕಳಚಿ ಕೈಗೆ ಬಂತು. ಅವನು ಎದ್ದು ಕೂತು ದಬದಬ ಕೆಮ್ಮಿದ, ಮುಖವೆಲ್ಲ ಕೆಂಪು, ಕೊಂಬೊಂದಿಲ್ಲ ಅಷ್ಟೆ, ಅಯ್ಯಪ್ಪಾ, ಒಂದು ಗಳಿಗೆ ಸತ್ತೇಹೋದೆ ಅನ್ಕೊಂಡೆ, ಕೊಳವೆ ಏನಾದ್ರೂ ಕಟ್ಕೊಂಡಿತ್ತಾ? ಕಟ್ಕೊಂಡಿತ್ತು ಸಾಹೇಬ್ರೆ. ಬೆರಳೆತ್ತಿದ್ನಲ್ಲ ದೋನ್ಯಾ, ನೋಡ್ಲಿಲ್ವಾ? ನೋಡ್ದೆ. ಅಷ್ಟೇ ಅಂದಳು. ಈ ಮನೇಲಿ ನೋಡ್ತಾರೆ ಸಾಹೇಬ್ರೆ, ಅಂತ ಇನ್ನೊಂದು ಮಾತು ನಾಲಿಗೆಯ ತುದಿಗೆ ಬಂದಿತ್ತು, ಅವನು ಆಗಲೇ ಕೆನ್ನೆ ಒರೆಸಿಕೊಳ್ಳುತ್ತ ಹೊರಗಿನ ಹುಡುಗಿಯನ್ನು ಕರೆಯುತ್ತಿದ್ದ, ಬಾರಮ್ಮಾ, ಈ ಅಚ್ಚಿನ ಜೊತೆ ನಂದೊಂದು ಫೋಟೊ ತೆಗಿ.

ತೆಗೆದರು, ನಕ್ಕರು, ಕೈ ಕುಲುಕಿ ಹೋದರು, ಕಾರಿನ ಸದ್ದು ತಿರುವಿನಲ್ಲಿ ಕರಗಿತು, ಅಚ್ಚು ಇವಳ ತೊಡೆಯ ಮೇಲೆ, ಈಗಷ್ಟೇ ಬೆಂದ ರೊಟ್ಟಿಯ ಹಾಗೆ ಬೆಚ್ಚಗೆ, ಒಳಗೆ ತಗ್ಗಿನಲ್ಲಿ ಅವನ ಮೂಗು, ಹುಬ್ಬು, ತುಟಿಯ ಪಕ್ಕದ ಗೀರು, ಒಂದೂ ತಪ್ಪಿಲ್ಲ, ಅವನ ಅಮ್ಮ ಗುರುತು ಹಿಡಿಯುತ್ತಾಳೆ, ಗೂಬೆ ಗುರುತು ಹಿಡಿಯುತ್ತದೆ, ಇವತ್ತೇ ಕಾಗದ ನೆನೆಹಾಕಬೇಕು, ನಾಳೆ ಒಣಗಿಸಬೇಕು, ಮೀಸೆ ಬೇಡ, ಕನ್ನಡಕ ಬೇಡ, ಕೊಂಬು ಎರಡು, ಕೆನ್ನೆಗೆ ಒಂದಿಷ್ಟು ಕೆಂಪು, ಹೋದ ವರ್ಷದ್ದೇ ಬಣ್ಣ, ಅದೇ ಡಬ್ಬಿ, ವಕೀಲಮ್ಮನಿಗೆ ಮುಂದಿನ ಸಾಲಿನಲ್ಲೇ ನಿಲ್ಲಲು ಹೇಳಬೇಕು, ಬೀದಿಯವರೆಲ್ಲ ಫೋನು ಎತ್ತಿ ಹಿಡಿದ ಮೇಲೆಯೇ ಚಾಬೆಲಾ ಹಗ್ಗ ಜಗ್ಗಬೇಕು, ಬೊಂಬೆ ಗಾಳಿಗೆ ತಿರುಗಬೇಕು, ತಿರುಗಿ ತಿರುಗಿ ಎದುರಾಗಬೇಕು, ದೊಡ್ಡ ಪರದೆಯ ಮೇಲೆ ಗೂಬೆ ಬಾಯಿ ಬಿಟ್ಟು ಸುಸ್ವಾಗತ ಇಂಜಿನಿಯರ್ ಅರಿಸ್ಮೆಂದಿ ಅನ್ನಬೇಕು, ವೇದಿಕೆಯ ಮೇಲಿರುವ ಅರಿಸ್ಮೆಂದಿ ತನ್ನ ಹೆಸರನ್ನು ರಟ್ಟಿನ ಮೇಲೆ ಕೇಳಬೇಕು, ಆಮೇಲೆ ಇವಳೇ ಕೂಗಿ ಕೇಳುತ್ತಾಳೆ, ಸಾಹೇಬ್ರೆ ಏಣಿ ಎಲ್ಲಿಟ್ಟಿದೀರಿ ಅಂತ, ಬೀದಿಗೆ ಬೀದಿಯೇ ಕೂಗುತ್ತದೆ, ಸಾಯಬಾರದು ಅವನು, ಬದುಕಿರಬೇಕು, ದಿನಾ ಕನ್ನಡಿ ನೋಡಬೇಕು, ಆಮೇಲೆ ಜೈಲಿನ ಬಾಗಿಲು, ಆಮೇಲೆ ಚೆಂಚೊ, ಆಮೇಲೆ — ಅಲ್ಲಿಂದ ಮುಂದೆ ಏನೂ ಹೊಳೆಯುವುದಿಲ್ಲ, ತಗಡಿಗೆ ಅಂಟಿದ ಬಾಯಿ, ಚೆಲ್ಲಿದ ಗಂಜಿ, ಬೆನ್ನ ಹಿಂದೆ ಬೇಡಿ, ಬೇಡಿಯೊಳಗಿಂದ ಎದ್ದ ಬೆರಳು, ಇವತ್ತು ಯಾರದೋ ಬೆರಳು ಎದ್ದಿತು, ಇಳಿಯಿತು, ತಮ್ಮನ ಬೆರಳು ಹೋದ ವರ್ಷ ಎದ್ದದ್ದು ಇನ್ನೂ ಇಳಿದಿಲ್ಲ, ಹಾಗೇ ಇದೆ, ಎದ್ದೇ ಇದೆ, ಆ ಬೆರಳು.